ಸಂಜೆ ಐದಕ್ಕೆ ಬಂದವರ ಕೂಲಿ

ದ್ರಾಕ್ಷಿ ಚಾಟ್ನಿಯ ದಿನಗಳಲ್ಲಿ ಬಾಗಲಕೋಟೆ ಸೀಮೆಯ ಹಳ್ಳಿಗಳಿಗೆ ಬೆಳಗು ಬೇಗ ಬರುತ್ತದೆ. ಹೊತ್ತು ಮೂಡುವ ಮೊದಲೇ ಬುತ್ತಿಗಂಟು ಹಿಡಿದ ಹೆಣ್ಣುಮಕ್ಕಳು ಅಗಸಿಯ ಮುಂದೆ ನಿಂತಿರುತ್ತಾರೆ. ಟಂಟಂ ಬಂದರೆ ಎಂಟು ಮಂದಿಯ ಜಾಗದಲ್ಲಿ ಹದಿನೈದು ಮಂದಿ. ರಟ್ಟೆ ಗಟ್ಟಿ ಇದ್ದವರು, ಕೈ ಚುರುಕಾದವರು ಮೊದಲ ಗಾಡಿಗೇ ಹೋಗಿಬಿಡುತ್ತಾರೆ. ವಯಸ್ಸಾದವರು, ಕೂಸಿಗೆ ಜ್ವರ ಬಂದು ತಡವಾದವರು, ಕತ್ತರಿಯಿಂದ ಬೆರಳು ಕೊಯ್ದುಕೊಂಡು ಪಟ್ಟಿ ಕಟ್ಟಿದವರು ಹಿಂದೆ ಉಳಿಯುತ್ತಾರೆ. ಬಿಸಿಲು ಏರಿದರೂ ಅವರು ಮನೆಗೆ ಹೋಗುವುದಿಲ್ಲ. ಹೋದರೆ ದಿನ ಮುಗಿಯಿತು. ನಿಂತರೆ ಯಾರಾದರೂ ಕರೆದಾರು.

ಯೇಸು ಹೇಳಿದ ಒಂದು ಕಥೆ ಇಂಥ ಜಾಗದಲ್ಲೇ ಶುರುವಾಗುತ್ತದೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿದೆ. ಅದೂ ದ್ರಾಕ್ಷಿ ತೋಟದ್ದೇ. ಯಜಮಾನ ಬೆಳ್ಳಂಬೆಳಗ್ಗೆ ಪೇಟೆಗೆ ಹೋಗಿ ದಿನಕ್ಕೊಂದು ಬೆಳ್ಳಿ ನಾಣ್ಯವೆಂದು ಮಾತಾಡಿ ಆಳುಗಳನ್ನು ಕರೆತರುತ್ತಾನೆ. ಒಂಬತ್ತಕ್ಕೆ ಮತ್ತೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೂ ಹೋಗುತ್ತಾನೆ. ಇನ್ನೇನು ಹೊತ್ತು ಮುಳುಗಬೇಕು, ಐದರ ಸುಮಾರಿಗೆ ಹೋದರೆ ಆಗಲೂ ಕೆಲವರು ನಿಂತೇ ಇದ್ದಾರೆ. ನಮ್ಮ ಕಡೆಯ ಮಾತಿನಲ್ಲಿ ಕೇಳಿಸಿಕೊಂಡರೆ ಹೀಗೆ:

"ಯಾಕ್ರಪಾ, ಮುಂಜಾನಿಂದ ಹಿಂಗ ಸುಮ್ಮನ ನಿಂತೀರಿ?"

"ನಮ್ಮನ್ನ ಯಾರೂ ಕರೀಲಿಲ್ರೀ."

ಅವರನ್ನೂ ಕರೆತಂದ. ಸಂಜೆ ಬಟವಾಡೆಗೆ ಕೂತಾಗ ಕೊನೆಗೆ ಬಂದವರಿಗೆ ಮೊದಲು ಕೊಡಿಸಿದ, ಒಂದಿಡೀ ನಾಣ್ಯ. ಬೆಳಗಿನಿಂದ ಬೆವರು ಸುರಿಸಿದವರು ನಮಗೆ ಹೆಚ್ಚು ಸಿಕ್ಕೀತು ಎಂದುಕೊಂಡರು. ಅವರ ಕೈಗೂ ಅದೇ ಒಂದು ನಾಣ್ಯ ಬಂತು. ಗೊಣಗಿದರು. ಮಾತಾಡಿದ್ದನ್ನು ನಿಮಗೆ ಕೊಟ್ಟಿದ್ದೇನಲ್ಲ, ನಾನು ಅವರಿಗೆ ಒಳ್ಳೆಯವನಾದರೆ ನಿಮಗೇಕೆ ಹೊಟ್ಟೆಯುರಿ ಎಂದು ಯಜಮಾನ ಕೇಳಿದ. ಕಥೆ ಅಲ್ಲಿಗೇ ನಿಲ್ಲುತ್ತದೆ. ಗೊಣಗಿದವರು ಸಮಾಧಾನವಾದರೋ ಇಲ್ಲವೋ, ಯೇಸು ಹೇಳಲಿಲ್ಲ.

ಈ ಕಥೆ ನಮ್ಮ ಸೀಮೆಯಲ್ಲಿ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಇಳಿಯಬಾರದು ಕೂಡ. ಹುನಗುಂದದ ಆಚೆ ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಕೂಡಲಸಂಗಮವಿದೆ. ದುಡಿಮೆಯೇ ಪೂಜೆಯೆಂದ ಶರಣರ ನಾಡು ಇದು. ಇಲ್ಲಿ ಬದುಕು ಎಣಿಕೆಯ ಮೇಲೆ ನಡೆದಿದೆ. ಇಳಕಲ್ಲಿನ ನೇಕಾರ ಸೀರೆ ಮಡಚಿ ಮಾಲೀಕನ ಮುಂದಿಟ್ಟರೆ ಮಜೂರಿಯಲ್ಲಿ ಮುಂಗಡ ಕಳೆದು ಉಳಿದದ್ದು ಕೈಗೆ ಬರುತ್ತದೆ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟ ಹಳೆ ಬಾಗಲಕೋಟೆಯವರಿಗೆ ಅಳತೆಯೂ ಗೊತ್ತು, ಪರಿಹಾರದ ಲೆಕ್ಕವೂ ಗೊತ್ತು. ಮದುವೆಯ ಮುಯ್ಯಿಯನ್ನು ಕೂಡ ನಾವು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ಅವರ ಮನೆಯ ಮದುವೆ ಬಂದಾಗ ತೆರೆದು ನೋಡಲು.

ಆದರೂ ಕಥೆಯ ಕೀಲಿ ಹುಡುಕಲು ದೂರ ಹೋಗಬೇಕಾಗಿಲ್ಲ. ಇಳಕಲ್ಲಿನಿಂದ ಮುಂದೆ ಲಿಂಗಸುಗೂರಿನ ದಾರಿಗೆ ಬಿದ್ದರೆ ಶರಣ ದಂಪತಿ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯರ ಅಮರೇಶ್ವರವಿದೆ. ಮಾರಯ್ಯನದು ಚೆಲ್ಲಿದ ಅಕ್ಕಿ ಆಯುವ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮಗೆ ಎಂದಿನಷ್ಟು ಸಾಕು, ಉಳಿದದ್ದನ್ನು ತಂದಲ್ಲೇ ಸುರಿದು ಬಾ ಎಂದಳು. ಅವಳ ಅಳತೆ ದುಡಿಮೆಯ ಗಂಟೆಯದಲ್ಲ, ದಿನದ ಹೊಟ್ಟೆಯದು. ತೋಟದ ಯಜಮಾನನ ಅಳತೆಯೂ ಅದೇ. ಆ ಕಾಲದ ಒಂದು ಬೆಳ್ಳಿ ನಾಣ್ಯವೆಂದರೆ ಒಬ್ಬ ಆಳಿನ ಒಂದು ದಿನದ ಕೂಲಿ, ಒಂದು ಸಂಸಾರದ ಆ ಹೊತ್ತಿನ ಊಟ. ಐದಕ್ಕೆ ಬಂದವನಿಗೆ ಒಂದು ಗಂಟೆಯ ಕೂಲಿ ಎಣಿಸಿ ಕೊಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು, ಆದರೆ ಅವನ ಮಕ್ಕಳು ಹಸಿದು ಮಲಗುತ್ತಿದ್ದರು. ಹೆಚ್ಚಾದದ್ದನ್ನು ಒಲ್ಲೆನೆಂದ ಹೆಂಗಸೂ, ಕಡಿಮೆಯಾದದ್ದನ್ನು ತುಂಬಿಕೊಟ್ಟ ಯಜಮಾನನೂ ಒಂದೇ ಸೇರಿನಲ್ಲಿ ಅಳೆದರು ಎಂದು ನನಗೆ ತೋರುತ್ತದೆ.

ಬಾದಾಮಿಯ ಅಗಸ್ತ್ಯ ತೀರ್ಥದ ಬಳಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 1300 ವರ್ಷ ಹಳೆಯದು, ನಮಗೆ ಸಿಕ್ಕ ಮೊದಲ ತ್ರಿಪದಿಗಳು ಅದರಲ್ಲಿವೆ. ಒಳ್ಳೆಯವರಿಗೆ ಒಳ್ಳೆಯವನು, ಮಧುರವಾಗಿದ್ದವರಿಗೆ ಮಧುರನು, ಕೆಣಕಿದವರಿಗೆ ಮಾತ್ರ ಸಾಮಾನ್ಯನಲ್ಲ ಎಂದು ಅದು ಒಬ್ಬ ವೀರನನ್ನು ಹೊಗಳುತ್ತದೆ. ಗಂಡಸಿನ ಮಾತು, ನ್ಯಾಯದ ಮಾತು. ಬೆಟ್ಟದ ಮೇಲೆ ನಡೆದ ಉಪದೇಶದಲ್ಲಿ ಯೇಸು ಇದರ ಮುಂದಿನ ಹೆಜ್ಜೆ ಕೇಳಿದ: ದೇವರ ಬಿಸಿಲು ಕೆಟ್ಟವರ ಹೊಲದ ಮೇಲೂ ಬೀಳುತ್ತದೆ, ಮಳೆ ಇಬ್ಬರಿಗೂ ಸುರಿಯುತ್ತದೆ, ಪ್ರೀತಿಸಿದವರನ್ನೇ ಪ್ರೀತಿಸಿದರೆ ಅದರಲ್ಲೇನು ಹೆಚ್ಚುಗಾರಿಕೆ? ಅರಭಟ್ಟನಂತೆ ಬಾಳುವುದೇ ನಮ್ಮಲ್ಲಿ ಬಹಳ ಜನರಿಗೆ ಸಾಧ್ಯವಾಗಿಲ್ಲ, ಅದು ಬೇರೆ ಮಾತು.

ಯೇಸುವಿನ ಕಥೆ ಹೊತ್ತು ಬಂದ ಬಾಸೆಲ್ ಮಿಶನ್ನಿನವರು ಗುಳೇದಗುಡ್ಡದಲ್ಲಿ ನೆಲೆ ಹೂಡಿದ್ದು 1851ರಲ್ಲಿ. ಖಣ ನೇಯುವ ಮಗ್ಗಗಳ ಸದ್ದಿನ ನಡುವೆ ಒಂದು ಸಣ್ಣ ಸಭೆ ಬೆಳೆಯಿತು. ಅದೇ ಮಿಶನ್ನಿನ ಕಿಟೆಲ್ ಸಾಹೇಬರನ್ನು ನಾವು 1894ರ ನಿಘಂಟಿಗಾಗಿ ನೆನೆಯುತ್ತೇವೆ. ಅದಕ್ಕೂ ಮೊದಲು, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಪುಸ್ತಕದಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದಿದ್ದರು. ಈ ಜನ ಕಥೆಯನ್ನು ಹಾಡಿ, ಕೇಳಿ, ಆಡಿ ತಿಳಿಯುವವರು ಎಂಬುದು ಅವರಿಗೆ ಹೊಳೆದಿರಬೇಕು.

ಆ ಮಾತಿಗೆ ಸಾಕ್ಷಿ ಬೇಕಿದ್ದರೆ ಬನಶಂಕರಿ ಜಾತ್ರೆಗೆ ಹೋಗಬೇಕು. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ಚೊಳಚಗುಡ್ಡದ ಬಯಲಿನಲ್ಲಿ ನಾಟಕ ಕಂಪನಿಗಳ ತಂಬುಗಳು ಬೆಳಗುವವರೆಗೂ ಎಚ್ಚರವಿರುತ್ತವೆ. ಕುಡುಕ ಗಂಡ, ದಾರಿ ತಪ್ಪಿದ ಮಗ, ಅಡ್ಡ ಅರ್ಥದ ಹಾಸ್ಯ ಎಲ್ಲವೂ ಉಂಟು. ಹಾಸ್ಯಕ್ಕೆ ಸಿಳ್ಳೆ ಬೀಳುತ್ತದೆ. ಆದರೆ ಕಡೆಯ ಅಂಕದಲ್ಲಿ ಮನೆ ಹಾಳು ಮಾಡಿದ ಮಗ ತಲೆ ತಗ್ಗಿಸಿ ಬಂದಾಗ ತಾಯಿ ಅವನ ಲೆಕ್ಕ ಕೇಳದೆ ಮೊದಲು ಉಂಡೆಯಾ ಎಂದು ಕೇಳುತ್ತಾಳೆ ನೋಡಿ, ಆಗ ತಂಬಿನಲ್ಲಿ ಸೆರಗುಗಳು ಕಣ್ಣಿಗೆ ಏರುತ್ತವೆ. ಲೂಕನು ಬರೆದ ತಪ್ಪಿಹೋದ ಮಗನ ಕಥೆಯನ್ನು ಅಲ್ಲಿ ಕೂತವರಲ್ಲಿ ಬಹಳ ಮಂದಿ ಕೇಳಿರಲಿಕ್ಕಿಲ್ಲ. ಆದರೂ ಅವರು ಅತ್ತದ್ದು ಅದೇ ಕಥೆಗೆ.

ಸೇಡಿನ ಕಥೆಗೂ ನಾವು ಕಡಿಮೆಯವರಲ್ಲ. ಹುನಗುಂದ ಸೀಮೆಯ ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ಈ ರಂಗದ ದೊಡ್ಡ ಹೆಸರು. ಮಲಗಿದ ಮಕ್ಕಳನ್ನು ಕೊಂದ ಅಶ್ವತ್ಥಾಮನ ಆ ರಾತ್ರಿಗೆ ಭಾಗವತದಲ್ಲಿ ಒಂದು ಬೆಳಗೂ ಇದೆ. ಕಟ್ಟಿ ತಂದು ಮುಂದೆ ಕೆಡವಿದ ಅವನನ್ನು ದ್ರೌಪದಿ ಬಿಡಿಸುತ್ತಾಳೆ. ನಾನು ಅಳುವ ಹಾಗೆ ಅವನ ತಾಯಿ ಅಳುವುದು ಬೇಡ ಎನ್ನುತ್ತಾಳೆ. ತನ್ನ ಐದು ಮಕ್ಕಳ ಹೆಣದ ಮುಂದೆ ಕೂತು ಆಡಿದ ಮಾತು ಅದು. ಕೃಪೆ ಎಂದು ಸಭೆಯಲ್ಲಿ ಹಾಡುವವರು ಈ ಹೆಂಗಸಿನ ಎದುರು ಒಮ್ಮೆ ಸುಮ್ಮನೆ ನಿಂತು ಬರುವುದು ಒಳ್ಳೆಯದು.

ಒಂದು ಎಚ್ಚರಿಕೆಯ ಮಾತು ಹೇಳದೆ ಇರಲಾರೆ. ಆಳಿನ ಕೂಲಿ ಮುರಿದು, ಹಬ್ಬಕ್ಕೊಂದು ಸೀರೆ ಕೊಟ್ಟು, ಅದನ್ನು ದಯೆ ಎಂದು ಹೇಳಿಕೊಳ್ಳುವ ಧಣಿಗಳು ಎಲ್ಲ ಜಾತಿ, ಧರ್ಮಗಳಲ್ಲಿ ಇದ್ದಾರೆ. ಕಥೆಯ ಯಜಮಾನ ಹಾಗಲ್ಲ. ಬೆಳಗಿನವರಿಗೆ ಮಾತಾಡಿದ ನಾಣ್ಯದಲ್ಲಿ ಒಂದು ಕಾಸೂ ಕಡಿಮೆ ಮಾಡಲಿಲ್ಲ. ಸಲ್ಲಬೇಕಾದ್ದು ಸಂದ ಮೇಲಿನದು ಕೃಪೆ. ಅದಕ್ಕೂ ಮುಂಚಿನದು ಬರಿಯ ಬಾಕಿ.

ಇವತ್ತು ನಿಮ್ಮ ಹೊಲದಲ್ಲೋ ಮನೆಯಲ್ಲೋ ಯಾರಾದರೂ ದುಡಿಯುತ್ತಿದ್ದರೆ ಹೊತ್ತು ಮುಳುಗುವ ಮೊದಲು ಅವರ ಕೂಲಿ ಕೈಗೆ ಕೊಡಿ. ಆಮೇಲೆ, ಮುಯ್ಯಿಯ ನೋಟ್‌ಬುಕ್ಕಿನಲ್ಲಿ ಹೆಸರೇ ಇಲ್ಲದ ಒಂದು ಮನೆಗೆ ಈ ಸಲ ಒಂದು ಖಣ ಕಳಿಸಿ. ಅದನ್ನು ಬರೆದಿಡಬೇಡಿ.