ಆ ನೀಲಿ ಆಕಾಶಕ್ಕೆ ಬೆಲೆ ಕೊಟ್ಟವರು ಯಾರು?

2021ರಲ್ಲಿ ಎರಡನೇ ಅಲೆ ಇಳೀತಾ ಇತ್ತು. ಆದರೆ ನಮ್ಮ ಸಭೆಯಲ್ಲೇ ಇನ್ನೂ ಕೆಮ್ಮು ನಿಲ್ಲದ ಮನೆಗಳಿದ್ದವು, ಕಣ್ಣೀರು ನಿಲ್ಲದ ಮನೆಗಳಿದ್ದವು. ಅವರನ್ನ ಮನಸ್ಸಿನಲ್ಲಿ ಇಟ್ಟುಕೊಂಡೇ ವಾಕ್ಯವನ್ನ ಧ್ಯಾನಿಸೋಣ.

ಯೂತ್ ಮೀಟಿಂಗ್‌ನಲ್ಲಿ ಒಬ್ಬ ತಂಗಿ ಒಂದು ಪ್ರಶ್ನೆ ಕೇಳಿದಳು. "ಪಾಸ್ಟರ್, ನಿಜ ಹೇಳ್ಬೇಕು ಅಂದ್ರೆ 2020ರ ಲಾಕ್‌ಡೌನ್ ನನಗೆ ತುಂಬಾ ಒಳ್ಳೇ ದಿನಗಳು. ಸಿಲ್ಕ್ ಬೋರ್ಡ್ ಟ್ರಾಫಿಕ್ ಇಲ್ಲ. ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಬೈಬಲ್ ಓದ್ತಿದ್ದೆ, ಕೋಗಿಲೆ ಕೂಗೋದು ಕೇಳಿಸ್ತಿತ್ತು. ದೇವರು ಪಕ್ಕದಲ್ಲೇ ಇದ್ದ ಹಾಗಿತ್ತು. ಅದಕ್ಕೆ ನಾನು ಸ್ತೋತ್ರ ಹೇಳೋದು ತಪ್ಪಾ? ಜನ ಸಾಯ್ತಿದ್ದಾಗ ನಾನು ಸಂತೋಷವಾಗಿದ್ದೆ ಅನ್ನೋದು ಒಳಗೆ ಚುಚ್ಚುತ್ತೆ."

ಪ್ರಿಯರೇ, ಇದು ಚಿಕ್ಕ ಪ್ರಶ್ನೆ ಅಲ್ಲ. ಒಂದು ಒಳ್ಳೇದು ನನ್ನ ಕೈಗೆ ಬಂದಿದೆ. ಅದು ಬಂದ ದಾರಿಯಲ್ಲಿ ಇನ್ನೊಬ್ಬರು ನರಳಿದ್ದಾರೆ. ನಾನು ಅದನ್ನ ಬೇಡಿಕೊಂಡಿರಲಿಲ್ಲ, ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಹಾಗಾದರೆ ಅದು ಆಶೀರ್ವಾದವಾ, ಸಾಲವಾ?

ಮೊದಲು ಆ ಒಳ್ಳೇದನ್ನ ಸುಳ್ಳು ಅನ್ನೋದು ಬೇಡ. 2020ರ ಏಪ್ರಿಲ್ ಮೊದಲ ವಾರದಲ್ಲಿ ಪಂಜಾಬಿನ ಜಲಂಧರ್‌ನಲ್ಲಿ ಜನ ಮನೆ ಮಾಳಿಗೆ ಹತ್ತಿ ದೂರದ ಧೌಲಾಧರ್ ಪರ್ವತದ ಹಿಮ ನೋಡಿದರು. ಎಷ್ಟೋ ವರ್ಷ ಹೊಗೆಯ ಹಿಂದೆ ಅಡಗಿದ್ದ ಬೆಟ್ಟ ಅದು. ನಮ್ಮ ಬೆಂಗಳೂರಲ್ಲೂ ಹೊಂಗೆ ಮರದ ಕೆಳಗೆ ನಿಂತರೆ ಹೂವಿನ ವಾಸನೆ ಬರ್ತಿತ್ತು, ಡೀಸೆಲ್ ವಾಸನೆ ಅಲ್ಲ. ಜೊತೆಗೆ ವಾಟ್ಸಾಪ್‌ನಲ್ಲಿ ಸುಳ್ಳುಗಳೂ ಓಡಾಡಿದವು. ವೆನಿಸ್ ಕಾಲುವೆಗೆ ಡಾಲ್ಫಿನ್ ಬಂತು ಅಂತ ಒಂದು ವಿಡಿಯೋ ಬಂತಲ್ಲ, ಅದು ವೆನಿಸ್ ಅಲ್ಲವೇ ಅಲ್ಲ, ಸಾರ್ಡಿನಿಯಾ ದ್ವೀಪದ ಬಂದರು. ಡಾಲ್ಫಿನ್ ಸುಳ್ಳಾದರೂ ಆಕಾಶ ನಿಜವಾಗಿಯೇ ನೀಲಿಯಾಗಿತ್ತು. ಸೃಷ್ಟಿಯನ್ನ ನೋಡಿ ಸಂತೋಷಪಡೋದು ಪಾಪ ಅಲ್ಲ. ಅದನ್ನ ಮಾಡಿದ ದೇವರೇ ಮೊದಲು ನೋಡಿ, ಚೆನ್ನಾಗಿದೆ ಅಂದವನು.

ಈಗ ಅದೇ ದಿನಗಳ ಇನ್ನೊಂದು ಮುಖ ನೋಡೋಣ. ಮಾರ್ಚ್ 24ರ ರಾತ್ರಿ 8 ಗಂಟೆಗೆ 21 ದಿನಗಳ ಲಾಕ್‌ಡೌನ್ ಘೋಷಣೆ ಆಯ್ತು. ಮಧ್ಯರಾತ್ರಿಯಿಂದಲೇ ಜಾರಿ. ಮಧ್ಯೆ ಇದ್ದದ್ದು ನಾಲ್ಕು ಗಂಟೆ. ನಮಗೆ ಆ ನಾಲ್ಕು ಗಂಟೆಯಲ್ಲಿ ಅಕ್ಕಿ, ಬೇಳೆ, ವೈಫೈ ರೀಚಾರ್ಜ್ ಆಯ್ತು. ದಿನಗೂಲಿಯವರಿಗೆ ಅಷ್ಟು ಹೊತ್ತಲ್ಲಿ ಏನು ಆಗುತ್ತೆ? ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಹತ್ತಿರ 16 ಜನ ಕೂಲಿಗಳ ಮೇಲೆ ಗೂಡ್ಸ್ ರೈಲು ಹರಿಯಿತು. ಜಾಲ್ನಾದಿಂದ ಹಳಿ ಹಿಡಿದು ನಡೆದು ಬಂದವರು, ಸುಸ್ತಾಗಿ ಹಳಿ ಮೇಲೆಯೇ ಮಲಗಿದ್ದರು. ರೈಲು ಓಡ್ತಿಲ್ಲ ಅಂದುಕೊಂಡಿದ್ದರು. ಹಳಿ ಮೇಲೆ ಚೆಲ್ಲಿದ್ದ ರೊಟ್ಟಿಗಳ ಫೋಟೋ ನೀವೂ ನೋಡಿದ್ದೀರಿ.

ನಮ್ಮ ಸಭೆಗೆ ಬರುವ ಒಬ್ಬ ಅಣ್ಣ ಇದ್ದಾರೆ, ಯಾದಗಿರಿ ಕಡೆಯವರು, ಟೈಲ್ಸ್ ಕೆಲಸ. ಅವರು ಹೆಂಡತಿ ಮಗುವನ್ನ ಕರಕೊಂಡು ನಡೆದೇ ಹೊರಟವರು. ತಂಗಿ ಕೇಳಿದ ಪ್ರಶ್ನೆಯನ್ನೇ ಅವರ ಮುಂದೆ ಇಟ್ಟೆ. ಅವರು ಅಂದರು, "ಹಕ್ಕಿ ಕೂಗೂದು ನಾನೂ ಕೇಳೀನ್ರಿ ಪಾಸ್ಟರ್. ತುಮಕೂರು ದಾಟಿ ನಡಿಯೂ ಮುಂದ ರೋಡಿನ್ಯಾಗ ಒಂದು ಗಾಡಿ ಇರಲಿಲ್ಲ. ಭಾಳ ತಂಪಿತ್ತು ಮುಂಜಾನಿ. ಆದ್ರ ಕೂಸು ಹೆಗಲ ಮ್ಯಾಲಿತ್ತು, ನೀರಿನ ಬಾಟ್ಲಿ ಖಾಲಿ ಇತ್ತು. ಎರಡು ವಾರದ ಪಗಾರ ಮೇಸ್ತ್ರಿ ಕಡೆ ಉಳಿದಿತ್ತು. ಫೋನ್ ಹಚ್ಚಿದ್ರ ಎತ್ತಲಿಲ್ರಿ."

ನೋಡಿ, ಅದೇ ಹಕ್ಕಿ, ಅದೇ ಗಾಳಿ, ಅದೇ ಖಾಲಿ ರಸ್ತೆ. ಒಬ್ಬರಿಗೆ ಅದು ರಿಟ್ರೀಟ್, ಇನ್ನೊಬ್ಬರಿಗೆ ಅರಣ್ಯ. ವ್ಯತ್ಯಾಸ ಪ್ರಕೃತಿಯಲ್ಲಿ ಇರಲಿಲ್ಲ, ಕಾಲ ಕೆಳಗೆ ಮನೆ ಇದೆಯೋ ಇಲ್ಲವೋ ಅನ್ನೋದರಲ್ಲಿ ಇತ್ತು.

ಆಗ ಒಂದು ಮಾತು ಎಲ್ಲರ ಸ್ಟೇಟಸ್‌ನಲ್ಲೂ ಇತ್ತು: ಭೂಮಿ ವಾಸಿಯಾಗ್ತಿದೆ, ಮನುಷ್ಯನೇ ವೈರಸ್. ಕೇಳೋಕೆ ದೀನತೆಯ ಮಾತಿನ ಹಾಗಿದೆ. ವಿಶ್ವಾಸಿಗಳೂ ಶೇರ್ ಮಾಡಿದರು, ಕೆಲವರು ಅದರ ಮೇಲೆ ದೇವರ ನ್ಯಾಯತೀರ್ಪು ಅಂತಲೂ ಬರೆದರು. ಸ್ವಲ್ಪ ಯೋಚಿಸಿ. ಮನುಷ್ಯ ವೈರಸ್ ಅಂದರೆ ಯಾವ ಮನುಷ್ಯ? ಹೆಗಲ ಮೇಲೆ ಕೂಸು ಹೊತ್ತವನಾ? ಅವನ ಹತ್ತಿರ ಕಾರಿಲ್ಲ, ಏಸಿ ಇಲ್ಲ, ವರ್ಷಕ್ಕೆ ಎರಡು ಸಲ ವಿಮಾನ ಇಲ್ಲ. ಹೊಗೆ ಮಾಡಿದವರು ಒಳಗೆ ಕೂತಿದ್ದರು, ಹೊಗೆ ಮಾಡದವರು ಬಿಸಿಲಲ್ಲಿ ನಡೆದರು. ಎಲ್ಲರನ್ನೂ ಒಟ್ಟಿಗೆ "ನಾವು" ಅಂದಾಗ ತಪ್ಪು ಹಂಚಿಹೋಗುತ್ತೆ, ನೋವು ಮಾತ್ರ ಹಂಚಿಹೋಗಲ್ಲ. ಇನ್ನೂ ಒಂದು ವಿಷಯ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನ ತೋಟಕ್ಕೆ ತಂದು ಇಟ್ಟದ್ದು ವ್ಯವಸಾಯ ಮಾಡಿ ಕಾಯೋದಕ್ಕೆ. ತೋಟಕ್ಕೆ ರೋಗ ಅಂತ ಇಡಲಿಲ್ಲ, ತೋಟಗಾರ ಅಂತ ಇಟ್ಟ.

ಈಗ ವಾಕ್ಯಕ್ಕೆ ಬರೋಣ. ಸತ್ಯವೇದದಲ್ಲಿ ಭೂಮಿಗೆ ವಿಶ್ರಾಂತಿ ಸಿಗುವ ದಾರಿ ಎರಡಿದೆ. ಇವತ್ತು ನೀವು ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದರೆ ಇದನ್ನ ಇಟ್ಟುಕೊಳ್ಳಿ.

ಒಂದನೇ ದಾರಿ ಯಾಜಕಕಾಂಡ 25ರಲ್ಲಿದೆ. ಏಳನೇ ವರ್ಷ ಹೊಲ ಉಳಬೇಡಿ, ಬಿತ್ತಬೇಡಿ, ಭೂಮಿಗೆ ಸಬ್ಬತ್ ಕೊಡಿ. ಆ ವರ್ಷ ತಾನಾಗಿ ಬೆಳೆದದ್ದು ಯಾರಿಗೆ? ಪಟ್ಟಿ ಓದಿ ನೋಡಿ: ಯಜಮಾನನಿಗೆ, ದಾಸದಾಸಿಯರಿಗೆ, ಕೂಲಿಯವನಿಗೆ, ಜೊತೆಯಲ್ಲಿ ವಾಸವಾಗಿರುವ ಪರದೇಶಿಗೆ, ದನಕರುಗಳಿಗೆ, ಕಾಡುಮೃಗಗಳಿಗೆ. ವಿಮೋಚನಕಾಂಡ 23ರಲ್ಲೂ ಇದೇ ಇದೆ, ಬಡವರು ತಿಂದು ಉಳಿದದ್ದು ಕಾಡುಪ್ರಾಣಿಗಳಿಗೆ. ಭೂಮಿಯ ರಜೆ, ಬಡವನ ಊಟ, ಮೃಗದ ಪಾಲು, ಮೂರೂ ಒಂದೇ ಆಜ್ಞೆಯೊಳಗೆ ಇವೆ. ಪರಿಸರ ಬೇರೆ ಇಲಾಖೆ, ನ್ಯಾಯ ಬೇರೆ ಇಲಾಖೆ ಅಂತ ಮೋಶೆಗೆ ಗೊತ್ತಿರಲಿಲ್ಲ.

ಎರಡನೇ ದಾರಿ ಯಾಜಕಕಾಂಡ 26ರಲ್ಲಿ ಎಚ್ಚರಿಕೆಯಾಗಿ ಬರುತ್ತೆ, 2 ಪೂರ್ವಕಾಲವೃತ್ತಾಂತ 36ರಲ್ಲಿ ನಿಜವಾಗಿ ನಡೆಯುತ್ತೆ. ಜನ ಸಬ್ಬತ್ ಕೊಡಲಿಲ್ಲ. ಕೊನೆಗೆ ಬಾಬೆಲಿನವರು ಬಂದು ಯೆರೂಸಲೇಮನ್ನ ಸುಟ್ಟು ಜನರನ್ನ ಸೆರೆ ಒಯ್ದರು. ಊರು ಹಾಳುಬಿತ್ತು, 70 ವರ್ಷ ಭೂಮಿ ತನ್ನ ವಿಶ್ರಾಂತಿ ತೀರಿಸಿಕೊಂಡಿತು. ಆಗಲೂ ಹಕ್ಕಿ ಕೂಗಿರುತ್ತೆ, ಗಾಳಿ ಶುದ್ಧವಾಗಿರುತ್ತೆ. ಆದರೆ ಅದನ್ನ ನೋಡಿ ಯಾವ ಪ್ರವಾದಿಯೂ ಹಾಡು ಬರೀಲಿಲ್ಲ. ಯಾಕಂದರೆ ಅದು ಜನ ಕಿತ್ತುಹೋದ ಮೇಲೆ ಬಂದ ಶಾಂತಿ.

2020ರಲ್ಲಿ ನಾವು ನೋಡಿದ ಶಾಂತಿ ಎರಡನೇ ಜಾತಿಗೆ ಸೇರಿದ್ದು, ಪ್ರಿಯರೇ. ಯಾರೂ ಭೂಮಿಯನ್ನ ಪ್ರೀತಿಸಿ ಕೊಟ್ಟ ವಿಶ್ರಾಂತಿ ಅದಲ್ಲ. ಅದಕ್ಕೇ ಅದು ಉಳಿಯಲೂ ಇಲ್ಲ. ಇಡೀ ಲೋಕ ಬಾಗಿಲು ಹಾಕಿದ ಆ ವರ್ಷ ಜಗತ್ತಿನ ಇಂಗಾಲದ ಹೊಗೆ ಇಳಿದದ್ದು ಸುಮಾರು ಶೇಕಡ 6ರಷ್ಟು. ಡಿಸೆಂಬರ್ ಬಂದಾಗ ಅದು ಹಿಂದಿನ ವರ್ಷದ ಡಿಸೆಂಬರನ್ನೂ ದಾಟಿತ್ತು. ಬಡವರನ್ನ ಬೀದಿಗೆ ತಳ್ಳಿ ಭೂಮಿಯನ್ನ ಉಳಿಸೋಕೆ ಆಗಲ್ಲ, ಲೆಕ್ಕವೇ ಹಾಗೆ ಹೇಳುತ್ತೆ.

ಇನ್ನೊಂದು ಕಥೆ ನಿಮಗೆ ಗೊತ್ತಿದೆ. ವಿಮೋಚನಕಾಂಡ 5. ಇಟ್ಟಿಗೆ ಮಾಡುವ ಜನ ಮೂರು ದಿನ ಹೋಗಿ ಬರ್ತೀವಿ ಅಂತ ಕೇಳಿದರು. ಫರೋಹನಿಗೆ ಜನ ಕಾಣಲಿಲ್ಲ, ನಿಂತುಹೋಗುವ ಕೆಲಸ ಕಂಡಿತು. ಹೋಗಬೇಡಿ ಅಂದ. 2020ರ ಮೇ 5ರಂದು ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ ನಮ್ಮ ರಾಜ್ಯ ಸರ್ಕಾರ, ವಲಸೆ ಕಾರ್ಮಿಕರನ್ನ ಊರಿಗೆ ಒಯ್ಯುವ ರೈಲುಗಳು ಮರುದಿನದಿಂದ ಬೇಡ ಅಂತ ರೈಲ್ವೆಗೆ ಬರೆಯಿತು. ಎಲ್ಲ ಕಡೆಯಿಂದ ಟೀಕೆ ಬಂದು ಎರಡು ದಿನದಲ್ಲಿ ಆ ತೀರ್ಮಾನ ಬದಲಾಯ್ತು, ದೇವರಿಗೆ ಸ್ತೋತ್ರ. ಇದನ್ನ ಒಂದು ಪಕ್ಷದ ಮೇಲೆ ಕೆಸರು ಎರಚೋಕೆ ಹೇಳ್ತಿಲ್ಲ. ಫರೋಹನನ್ನ ವಿಧಾನಸೌಧದಲ್ಲಿ ಮಾತ್ರ ಹುಡುಕಬೇಡಿ. ಫ್ಲಾಟ್ ಬುಕ್ ಮಾಡಿ, ಹ್ಯಾಂಡೋವರ್ ಲೇಟಾಗುತ್ತೆ ಅಂತ ಚಿಂತೆ ಮಾಡಿದವರು ನಮ್ಮ ಮಧ್ಯೆಯೂ ಇದ್ದಾರೆ.

ಹಾಗಾದರೆ ತಂಗಿಯ ಪ್ರಶ್ನೆಗೆ ಉತ್ತರ ಏನು? ನಾನು 2 ಸಮುವೇಲ 23ಕ್ಕೆ ಹೋಗ್ತೀನಿ. ದಾವೀದ ಗವಿಯಲ್ಲಿದ್ದಾನೆ, ಬಾಯಾರಿಕೆ. ಬೇತ್ಲೆಹೇಮಿನ ಊರ ಬಾಗಿಲ ಹತ್ತಿರದ ಬಾವಿ ನೀರು ಸಿಕ್ಕರೆ ಎಷ್ಟು ಚೆನ್ನಾಗಿರುತ್ತೆ ಅಂತ ಆಸೆಪಟ್ಟು ಬಾಯಿಬಿಟ್ಟ. ಊರು ಫಿಲಿಷ್ಟಿಯರ ಕೈಯಲ್ಲಿದೆ. ಮೂವರು ಪರಾಕ್ರಮಿಗಳು ಶತ್ರುಗಳ ಪಾಳೆಯ ನುಗ್ಗಿ ನೀರು ತಂದರು. ದಾವೀದ ಕುಡಿಯಲಿಲ್ಲ. ಪ್ರಾಣ ಪಣಕ್ಕಿಟ್ಟವರ ರಕ್ತ ಇದು ಅಂತ ಕರ್ತನ ಮುಂದೆ ಹೊಯ್ದುಬಿಟ್ಟ.

ಗಮನಿಸಿ. ದಾವೀದ ನೀರು ಕೆಟ್ಟದ್ದು ಅನ್ನಲಿಲ್ಲ. ತಂದವರನ್ನ ಬಯ್ಯಲಿಲ್ಲ. ನಾನೇನು ಆಜ್ಞೆ ಕೊಟ್ಟಿದ್ನಾ, ಸುಮ್ಮನೆ ಬಾಯಿಮಾತು ಅಂತ ಜಾರಿಕೊಳ್ಳಲೂ ಇಲ್ಲ. ಆ ಪಾತ್ರೆಯೊಳಗೆ ನೀರಿನ ಜೊತೆ ಇನ್ನೇನಿದೆ ಅಂತ ನೋಡಿದ. ಕುಡಿಯುವ ಮುಂಚೆ ನೋಡಿದ. ಕೃತಜ್ಞತೆ ಅಂದರೆ ಅದು. ನಮ್ಮ ಸಾಕ್ಷಿಗಳಲ್ಲಿ ಬಹಳ ಸಲ ಪಾತ್ರೆ ಮಾತ್ರ ಇರುತ್ತೆ, ತಂದವರು ಇರಲ್ಲ.

ನೀವು ಕೇಳಬಹುದು, ಪಾಸ್ಟರ್, ಆ ಗಾಳಿ ಉಸಿರಾಡಿ ಆಯ್ತು, ವಾಪಸ್ ಹೊಯ್ಯೋದು ಹೇಗೆ? ಸರಿಯಾದ ಪ್ರಶ್ನೆ. ಗಾಳಿ ಹೊಯ್ಯೋಕೆ ಆಗಲ್ಲ. ಆದರೆ 2021ರಲ್ಲಿ ಅದೇ ಗಾಳಿಗೆ ಎಷ್ಟು ಬೆಲೆ ಅಂತ ನೋಡಿದೆವು. ಚಾಮರಾಜನಗರದ ಆಸ್ಪತ್ರೆಯಲ್ಲಿ ಮೇ ತಿಂಗಳ ಆರಂಭದಲ್ಲಿ ಆಕ್ಸಿಜನ್ ಸಾಲದೆ ಜನ ಸತ್ತರು. ಮೊದಲು ಹೇಳಿದ ಲೆಕ್ಕವೇ 24. 2020ರಲ್ಲಿ ಗಾಳಿ ಸ್ವಚ್ಛ ಆಯ್ತು ಅಂದ ನಾವೇ 2021ರಲ್ಲಿ ರಾತ್ರಿಯೆಲ್ಲ ಸಿಲಿಂಡರ್‌ಗೆ ಫೋನ್ ಮಾಡಿದೆವು. ಫೋನ್ ನಂಬರ್ ಗೊತ್ತಿದ್ದವರಿಗೆ ಸಿಕ್ಕಿತು. ದೇವರು ಎಲ್ಲರಿಗೂ ಉಚಿತವಾಗಿ ಕೊಟ್ಟದ್ದು ಗುರುತು ಪರಿಚಯ ಇದ್ದವರಿಗೆ ಮೊದಲು ಸಿಗುವ ಹಾಗೆ ಆದರೆ, ಅಲ್ಲಿ ಸಭೆ ಸುಮ್ಮನಿರೋಕಾಗಲ್ಲ.

ಹೊಯ್ಯೋದು ಅಂದರೆ ನಮ್ಮ ಕೈಯಲ್ಲಿರೋದನ್ನ ಹೊಯ್ಯೋದು. ಲಾಕ್‌ಡೌನ್‌ನಲ್ಲಿ ನಾವು 21 ದಿನ ಉಪವಾಸ ಪ್ರಾರ್ಥನೆ ಮಾಡಿದೆವು, ಒಳ್ಳೇದು. ಯೆಶಾಯ 58ನ್ನ ಅದರ ಪಕ್ಕದಲ್ಲಿ ಇಟ್ಟು ಓದಿ. ಉಪವಾಸದ ದಿನವೇ ಆಳುಗಳನ್ನ ಹಿಂಡುವವರ ಪ್ರಾರ್ಥನೆ ಮೇಲಕ್ಕೆ ಹೋಗಲ್ಲ ಅಂತ ಅಲ್ಲಿ ದೇವರು ನೇರವಾಗಿ ಹೇಳ್ತಾನೆ. ಧರ್ಮೋಪದೇಶಕಾಂಡ 24 ಇನ್ನೂ ಸರಳ: ಬಡ ಕೂಲಿಯವನ ಕೂಲಿ ಸೂರ್ಯ ಮುಳುಗುವ ಮುಂಚೆ ಕೊಡು, ಅವನು ಅದರ ಮೇಲೇ ಮನಸ್ಸಿಟ್ಟಿದ್ದಾನೆ. ಗೂಗಲ್ ಪೇ ಇರುವ ಕಾಲದಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಕೊಡೋದು ಕಷ್ಟವಾ?

ಆದ್ದರಿಂದ ಮೂರು ಕೆಲಸ ಹೇಳ್ತೀನಿ. ಮೊದಲನೇದು ಮನೆಯಲ್ಲಿ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಒಳಗೆ ಬಿಡದೆ ಇದ್ದ ತಿಂಗಳುಗಳಿಗೆ ಮನೆಗೆಲಸದ ಅಕ್ಕನಿಗೆ ಸಂಬಳ ಕೊಟ್ಟಿರಾ? ಕೊಟ್ಟಿಲ್ಲದಿದ್ದರೆ ಈ ವಾರ ಲೆಕ್ಕ ಮಾಡಿ ಕೊಡಿ. ಅದನ್ನ ಕಾಣಿಕೆ ಅನ್ನಬೇಡಿ, ಬಾಕಿ ಅನ್ನಿ. ಅವರಿಗೂ ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಿ, ಯಾಕಂದರೆ ನಿಮ್ಮ ಸಬ್ಬತ್‌ನಲ್ಲಿ ಅವರ ಪಾಲೂ ಇದೆ ಅಂತ ಆಜ್ಞೆಯಲ್ಲೇ ಬರೆದಿದೆ.

ಎರಡನೇದು ಬೀದಿಯಲ್ಲಿ. ಮನೆಮನೆಗೆ ಬಂದು ಜ್ವರ ಇದೆಯಾ ಅಂತ ಕೇಳಿದ ಆಶಾ ಕಾರ್ಯಕರ್ತೆಯರು ನೆನಪಿದ್ದಾರಲ್ಲ? 2020ರ ಜುಲೈನಲ್ಲಿ ನಮ್ಮ ರಾಜ್ಯದ ಸುಮಾರು 42,000 ಆಶಾ ಅಕ್ಕಂದಿರು ಮುಷ್ಕರ ಮಾಡಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿ. ಬಾಲ್ಕನಿಯಲ್ಲಿ ತಟ್ಟೆ ಬಡಿದ ಕೈಗಳು ಆಗ ಎಲ್ಲಿದ್ದವು? ನಾವು ಹಾಕಿದ ಮಾಸ್ಕ್‌ಗಳನ್ನ ಹಸಿ ಕಸದೊಳಗಿಂದ ಬರಿಗೈಯಲ್ಲಿ ತೆಗೆದ ಪೌರಕಾರ್ಮಿಕರ ಹೆಸರು ನಮಗೆ ಗೊತ್ತಾ? ಮಾಸ್ಕನ್ನ ಬೇರೆ ಕಟ್ಟಿ ಕೊಡೋದು, ಅವರು ಸಂಬಳಕ್ಕೆ ಧ್ವನಿ ಎತ್ತಿದಾಗ ಜೊತೆ ನಿಲ್ಲೋದು, ಇದೂ ನೆರೆಯವನನ್ನ ಪ್ರೀತಿಸೋದೇ.

ಮೂರನೇದು ಭೂಮಿಯ ವಿಷಯ. ಬಲವಂತದಿಂದ ಬಂದ ನೀಲಿ ಆಕಾಶವನ್ನ ಮನಸ್ಸಾರೆ ತರೋಕೆ ಆಗುತ್ತಾ ಅಂತ ಪ್ರಯತ್ನಿಸಿ. ಹಾಲ್‌ಗೆ ಒಂದೇ ಏರಿಯಾದವರು ಮೂರು ಕಾರಲ್ಲಿ ಬರೋದು ಬೇಡ. ಹತ್ತು ನಿಮಿಷದ ಡೆಲಿವರಿ ಬೇಕಾಗಿಲ್ಲದಿದ್ದರೆ ಒಬ್ಬ ಹುಡುಗನನ್ನ ಮಳೆಯಲ್ಲಿ ಓಡಿಸಬೇಡಿ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಏಳನೇ ವರ್ಷದ ಆಜ್ಞೆಯೂ ಒಂದೊಂದು ಹೊಲದಿಂದಲೇ ಶುರುವಾಗಬೇಕಿತ್ತು.

ಹಾಗಾಗಿ ಸ್ತೋತ್ರ ಹೇಳಿ, ನಿಲ್ಲಿಸಬೇಡಿ. ಆದರೆ ಸ್ತೋತ್ರದಲ್ಲಿ ತಂದವರ ಪಾಲು ಇರಲಿ. ಒಳಗೆ ಚುಚ್ಚುತ್ತಲ್ಲ, ಅದನ್ನ ಸೈತಾನನ ಆಪಾದನೆ ಅಂತ ಬೇಗ ಗದರಿಸಿ ಓಡಿಸಬೇಡಿ. ಆಪಾದನೆ ನಮ್ಮನ್ನ ಮೂಲೆಗೆ ಕೂರಿಸುತ್ತೆ, ಪವಿತ್ರಾತ್ಮನು ಚುಚ್ಚಿದರೆ ಎದ್ದು ಯಾರದೋ ಮನೆ ಬಾಗಿಲಿಗೆ ಹೋಗುವ ಹಾಗೆ ಮಾಡ್ತಾನೆ. ಯಾವುದು ಅಂತ ಈ ವಾರ ನಿಮ್ಮ ಕಾಲುಗಳೇ ಹೇಳ್ತವೆ.

ಪ್ರಾರ್ಥಿಸೋಣ. ತಂದೆಯೇ, ನೀನು ಕೊಟ್ಟ ಗಾಳಿಗೆ, ಬೆಳಕಿಗೆ, ಹಕ್ಕಿಗಳಿಗೆ ಸ್ತೋತ್ರ. ನಡೆದು ಊರು ಸೇರದವರ ಮನೆಗಳನ್ನ ನೆನಪುಮಾಡಿಕೋ. ಉಸಿರಿಗಾಗಿ ಪರದಾಡಿ ಹೋದವರ ಮಕ್ಕಳನ್ನ ಸಂತೈಸು. ನಮ್ಮ ಕೈಯಲ್ಲಿ ಬೇರೆಯವರ ಬಾಕಿ ಉಳಿದಿದ್ದರೆ ಅದನ್ನ ತೋರಿಸು, ಕೊಡುವ ಮನಸ್ಸೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.