ಸಂತೆಗಲ್ಲ, ಮುಯ್ಯಿಗೆ

ಬೂಕನಕೆರೆಯ ಬೀದಿಯಲ್ಲಿ ಹೊತ್ತು ಮೂಡುವ ಮೊದಲು ನಡೆದರೆ ಬಾಗಿಲು ಬಾಗಿಲಿಗೂ ಒಂದು ಚಿತ್ರ. ಅಂಗಳ ಗುಡಿಸಿ, ಸಗಣಿ ನೀರು ಹಾಕಿ, ಚುಕ್ಕಿಯಿಟ್ಟು, ಎಳೆ ಎಳೆದು ಬಿಟ್ಟ ರಂಗೋಲಿ. ಹಬ್ಬದ ದಿನವಾದರೆ ಚುಕ್ಕಿಗಳ ಲೆಕ್ಕ ದೊಡ್ಡದು. ನಡುಸಾಲಿನ 15 ಚುಕ್ಕಿ ಎರಡೂ ಕಡೆ 8ಕ್ಕೆ ಇಳಿಯುವಷ್ಟರಲ್ಲಿ ಬೀದಿಯ ಅರ್ಧ ಅಗಲ ತುಂಬಿರುತ್ತದೆ. ಅಳತೆಪಟ್ಟಿ ಇಲ್ಲ, ಅಳಿಸುವ ರಬ್ಬರ್ ಇಲ್ಲ, ಎಳೆ ಮಾತ್ರ ತಪ್ಪುವುದಿಲ್ಲ. ಹಾಗೆ ರಂಗೋಲಿ ಬಿಡುತ್ತಿದ್ದ ನಮ್ಮ ದೊಡ್ಡಮ್ಮನ ಕೈಗೆ ಒಮ್ಮೆ ಪೆನ್ಸಿಲು, ಪುಸ್ತಕ ಕೊಟ್ಟು, ಎದುರಿಗೆ ಕಟ್ಟಿದ್ದ ಹಸುವನ್ನು ಬರೆಯಿರಿ ಅಂದೆ. ಪೆನ್ಸಿಲನ್ನು ಮುಟ್ಟಲೂ ಇಲ್ಲ. "ನಂಗೆಲ್ಲಿ ಚಿತ್ರ ಬತ್ತದೆ, ಬುಡಪ್ಪ" ಎಂದು ಒಳಗೆ ಹೋದರು.

ಆ ಮಾತು ಅಂದಿನಿಂದ ನನ್ನನ್ನು ಕಾಡಿದೆ. ಅಷ್ಟು ಪಳಗಿದ ಕೈಗೆ ಚಿತ್ರ ಬರುವುದಿಲ್ಲ ಎಂದರೆ ಏನರ್ಥ? ರಂಗೋಲಿ ಮನೆಗೆಲಸ, ಚಿತ್ರ ಕಲೆ. ಮನೆಗೆಲಸ ಎಲ್ಲರದು, ಕಲೆ ಬಲ್ಲವರದು. ಈ ಗೆರೆಯನ್ನು ಯಾರೋ ಎಳೆದಿದ್ದಾರೆ, ದೊಡ್ಡಮ್ಮ ಅದನ್ನು ಒಪ್ಪಿಕೊಂಡಿದ್ದಾರೆ. ಅವರಿಗಿಲ್ಲದ್ದು ಕೈಯ ಬಲವಲ್ಲ, ಬರೆಯುವ ಹಕ್ಕು ತನಗೂ ಇದೆ ಎಂಬ ನಂಬಿಕೆ. ಬರದವರೂ ಚಿತ್ರ ಬರೆಯಬೇಕು, ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಬೇಕು, ಹಾಗಾದಾಗಲೇ ಕಲೆ ಒಂದು ಊರಿನದಾಗುತ್ತದೆ ಎಂಬುದು ನನ್ನ ವಾದ.

ಈ ಗೆರೆ ಎಳೆಯುವ ಕೆಲಸ ಶಾಲೆಯಲ್ಲೇ ಶುರುವಾಗುತ್ತದೆ. ಒಂದನೇ ತರಗತಿಯಲ್ಲಿ ಸ್ಲೇಟು ಸಿಕ್ಕ ಮಗುವಿಗೆ ಅಕ್ಷರಕ್ಕಿಂತ ಮೊದಲು ಬರುವುದು ಮನೆ, ಮರ, ಸೂರ್ಯ. ಆಗ ಯಾವ ಮಗುವೂ ತನಗೆ ಬರುವುದಿಲ್ಲ ಎನ್ನುವುದಿಲ್ಲ. ಐದಾರು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಸ್ಪರ್ಧೆಯ ವಿಷಯವಾಗಿರುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆಯೂ ಇದೆ, ರಂಗೋಲಿಯೂ ಇದೆ. ಹಳ್ಳಿಯ ಮಕ್ಕಳಿಗೆ ಅದು ವೇದಿಕೆ ಕೊಟ್ಟಿದೆ ಎಂಬುದನ್ನು ಮರೆಯಬಾರದು. ಆದರೆ ಬಹುಮಾನ ಮೂವರಿಗೆ. ಮಿಕ್ಕವರು ಮನೆಗೆ ಬರುವಾಗ ತರುವುದು ಒಂದೇ ಪಾಠ: ಇದು ನನ್ನದಲ್ಲ. ಓಟದಲ್ಲಿ ಸೋತ ಮಗು ಓಡುವುದನ್ನು ಬಿಡುವುದಿಲ್ಲ; ಚಿತ್ರದಲ್ಲಿ ಸೋತ ಮಗು ಬಣ್ಣದ ಡಬ್ಬಿಯನ್ನು ಅಟ್ಟಕ್ಕೆ ಹಾಕುತ್ತದೆ.

ಇದೇ ಸೀಮೆಯಲ್ಲಿ ಇನ್ನೊಂದು ಕಲೆಗೆ ಈ ನಾಚಿಕೆ ಅಂಟಿಲ್ಲ ಎಂಬುದು ನನಗೆ ದೊಡ್ಡ ಸಾಕ್ಷಿ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ಅವರಿಗೆ ಸಂಭಾವನೆ ಇಲ್ಲ. ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ ಪಾತ್ರಧಾರಿಗಳೇ ಕೈಯಿಂದ ಹಾಕುತ್ತಾರೆ, ದುರ್ಯೋಧನನ ಪಾತ್ರ ಬೇಕೆಂದವನು ಹೆಚ್ಚು ಹಾಕುತ್ತಾನೆ. ಶ್ರುತಿ ತಪ್ಪುವುದುಂಟು, ಮಾತು ಮರೆಯುವುದುಂಟು. ಆದರೂ ಬೆಳಗಿನ ಜಾವದವರೆಗೆ ಊರು ಕದಲದೆ ಕೂತಿರುತ್ತದೆ. ನಾಟಕ ನಮಗೆ ಬರುತ್ತದೆಯೇ ಎಂದು ಅವರಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ, ಆಡಬೇಕೆನಿಸಿತು, ಆಡುತ್ತಾರೆ. ಹವ್ಯಾಸ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಅರ್ಥ ನನಗೆ ಗೊತ್ತಿಲ್ಲ: ಕೈಯಿಂದ ಕೊಟ್ಟು ಪಡೆಯುವ ಸುಖ. ಅದೇ ಬಯಲು, ಅದೇ ಜನ. ಹಾಡಿಗೆ ಇರುವ ಧೈರ್ಯ ಗೆರೆಗೆ ಏಕಿರಬಾರದು?

ಆ ಸುಖ ಎಂಥದೆಂದು ನಾನು ಕಂಡುಕೊಂಡದ್ದು ಹೊಸಹೊಳಲಿನಲ್ಲಿ. ಬೂಕನಕೆರೆ ಇರುವ ಕೆ.ಆರ್. ಪೇಟೆ ತಾಲ್ಲೂಕಿನಲ್ಲೇ, ಪೇಟೆಯ ಪಕ್ಕದಲ್ಲಿ, 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ, ಹೊಯ್ಸಳರ ತ್ರಿಕೂಟಾಚಲ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು. ಎಷ್ಟೋ ಸಲ ನೋಡಿದ್ದ ಗುಡಿ ಅದು. ಒಂದು ದಿನ ಪುಸ್ತಕ ಹಿಡಿದು ಜಗತಿಯ ಮೇಲೆ ಕೂತು ಒಂದೇ ಒಂದು ಆನೆ ಬರೆಯಲು ಹೊರಟೆ. ಒಂದು ಗಂಟೆಯಾದರೂ ಮುಗಿಯಲಿಲ್ಲ. ಮುಂಗಾಲು ಎಲ್ಲಿ ಮಡಿಯುತ್ತದೆ, ಸೊಂಡಿಲು ಯಾವ ಕಡೆಗೆ ಸುತ್ತುತ್ತದೆ ಎಂಬುದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಕಂಡಿದ್ದ ಸಾಲಿನಲ್ಲಿ ಪಕ್ಕದ ಆನೆ ಬೇರೆಯೇ ಆಗಿತ್ತು. ನನ್ನ ಆನೆಗೆ ಹಂದಿಯ ಹೊಟ್ಟೆ ಬಂತು. ಆದರೆ ಎಲ್ಲಿ ಗೆರೆ ಸೋತಿತೋ ಅಲ್ಲಿ ಕಣ್ಣು ಸೋತಿತ್ತು ಎಂದು ತಿಳಿಯಿತು. ಮತ್ತೆ ನೋಡಿದೆ, ಮತ್ತೆ ಬರೆದೆ.

ಚಿತ್ರ ಬರೆಯುವುದೆಂದರೆ ನೋಡುವುದನ್ನು ಕೈಯಿಂದ ಕಲಿಯುವುದು. ಫೋನಿನಲ್ಲಿ ಫೋಟೋ ತೆಗೆದರೆ ಆನೆಯ ರೂಪ ಫೋನಿಗೆ ಹೋಗುತ್ತದೆ. ಬರೆದರೆ ನಮ್ಮೊಳಗೆ ಬರುತ್ತದೆ. ಚಿತ್ರ ಕೆಟ್ಟಿತೆಂದು ಈ ಫಲ ಕೆಡುವುದಿಲ್ಲ. ಈಗ ನಾಲ್ಕು ಮಾತು ಹೇಳಿದರೆ ಯಂತ್ರವೇ ನುಣುಪಾದ ಚಿತ್ರ ಬರೆದು ಕೊಡುತ್ತದೆ, ನೀವೇಕೆ ಒದ್ದಾಡುತ್ತೀರಿ ಎಂದು ಕೇಳುವವರಿಗೂ ನನ್ನ ಉತ್ತರ ಇಷ್ಟೇ. ಗೋಡೆಗೆ ಒಂದು ಚಿತ್ರ ಬೇಕಾಗಿದ್ದರೆ ಯಂತ್ರವನ್ನು ಕೇಳಬಹುದು. ನೋಡುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ನೋಡಿದವರು ಅವರು, ನಾವಲ್ಲ.

ಹಾಗಾದರೆ ಸುಖವೆಲ್ಲ ಬರೆಯುವುದರಲ್ಲೇ ಇದೆಯಲ್ಲ, ತೋರಿಸುವುದೇಕೆ? ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಾರದೇ? ಇದು ನ್ಯಾಯವಾದ ಪ್ರಶ್ನೆ. ತೋರಿಸುವುದು ಎಂದೊಡನೆ ನಮಗೆ ಸಂತೆ ನೆನಪಾಗುವುದರಿಂದ ಈ ತೊಡಕು. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಪ್ರತಿ ವರ್ಷ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಕಲೆಯನ್ನೇ ಬದುಕಾಗಿಸಿಕೊಂಡವರಿಗೆ ಅದು ಬೇಕು. ಸಂತೆಯಲ್ಲಿ ಹೋಲಿಕೆ ಇದೆ, ಬೆಲೆ ಇದೆ, ಆರಿಸುವ ಹಕ್ಕಿದೆ. ಹವ್ಯಾಸಿ ತನ್ನ ಚಿತ್ರವನ್ನು ಅಲ್ಲಿಯ ತಕ್ಕಡಿಗೆ ತಾನೇ ಹಾಕಿಕೊಂಡು, ತೂಗಿ, ಕುಗ್ಗುತ್ತಾನೆ.

ಆದರೆ ನಮ್ಮ ಸೀಮೆಗೆ ಸಂತೆಯೊಂದೇ ಗೊತ್ತಿರುವುದಲ್ಲ, ಮುಯ್ಯಿಯೂ ಗೊತ್ತು. ನಾಟಿಯ ಕಾಲದಲ್ಲಿ ಇಂದು ನಿಮ್ಮ ಗದ್ದೆಗೆ ನಾವು ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವು ಬರುತ್ತೀರಿ. ಮುಯ್ಯಾಳಿಗೆ ಕೂಲಿಯಿಲ್ಲ, ಇರುವುದು ಋಣ. ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಎಳ್ಳು ಬೀರುವುದೂ ಹೀಗೆಯೇ. ಎಲ್ಲರ ಮನೆಯಲ್ಲೂ ಅದೇ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ ಇರುತ್ತದೆ. ಇಲ್ಲದವರಿಗೆ ಕೊಡುವ ದಾನವಲ್ಲ ಅದು. ಇದ್ದವರು ಇದ್ದವರಿಗೇ ಕೊಡುತ್ತಾರೆ, ಪಡೆಯುತ್ತಾರೆ. ಯಾರ ಮನೆಯ ಎಳ್ಳು ಮೇಲೆಂದು ಯಾರೂ ಬಹುಮಾನ ಹಂಚುವುದಿಲ್ಲ. ರಂಗೋಲಿಗೂ ಇದೇ ದಾರಿ ಇತ್ತು. ಚುಕ್ಕಿಯ ಲೆಕ್ಕ ಬರೆದಿಟ್ಟ ಪುಸ್ತಕಗಳು ಗೆಳತಿಯರ ನಡುವೆ ಕೈಯಿಂದ ಕೈಗೆ ಹೋಗುತ್ತಿದ್ದವು, ತವರಿನ ಎಳೆ ಗಂಡನ ಊರಿನ ಬೀದಿಯಲ್ಲಿ ಮೂಡುತ್ತಿತ್ತು.

ಹವ್ಯಾಸಿಗಳು ಚಿತ್ರ ತೋರಿಸಿಕೊಳ್ಳುವುದು ಇಂಥ ಮುಯ್ಯಿ. ನಾನು ನಿಮ್ಮ ಮುಂದಿಡುವುದು ನನ್ನ ಜಾಣತನವನ್ನಲ್ಲ, ನಾನು ನೋಡಿದ್ದನ್ನು. ನೀವು ಅದಕ್ಕೆ ಕೊಡುವುದು ಕಾಸನ್ನಲ್ಲ, ನಿಮ್ಮ ಗಮನವನ್ನು. ನಾಳೆ ನಿಮ್ಮ ಚಿತ್ರಕ್ಕೆ ನಾನದನ್ನು ತೀರಿಸುತ್ತೇನೆ. ಅಮೆರಿಕದ ಸಿಯಾಟಲ್‌ನಲ್ಲಿ ಗೇಬ್ರಿಯಲ್ ಕಂಪನಾರಿಯೊ ಎಂಬ ಪತ್ರಕರ್ತ 2007ರಲ್ಲಿ ಶುರುಮಾಡಿದ 'ಅರ್ಬನ್ ಸ್ಕೆಚರ್ಸ್' ಬಳಗ ಇಂದು ಹಲವು ದೇಶಗಳಲ್ಲಿದೆ, ಬೆಂಗಳೂರಿನಲ್ಲೂ ಇದೆ. ಒಂದು ಜಾಗದಲ್ಲಿ ಎಲ್ಲರೂ ಕೂತು ಕಂಡದ್ದನ್ನು ಬರೆಯುತ್ತಾರೆ. ಕೊನೆಗೆ ಎಲ್ಲ ಪುಸ್ತಕಗಳನ್ನೂ ನೆಲದ ಮೇಲೆ ಸಾಲಾಗಿ ಬಿಚ್ಚಿಟ್ಟು ನೋಡುತ್ತಾರೆ. ಪಳಗಿದ ಕೈಯದೂ ಮೊದಲ ದಿನದ ಕೈಯದೂ ಅಕ್ಕಪಕ್ಕ. ಒಂದೇ ಮರ ಹತ್ತು ಜನರಿಗೆ ಹತ್ತು ರೀತಿ ಕಂಡಿದೆ ಎಂಬುದು ಆಗ ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲಿಟ್ಟ ಚಿತ್ರ ಇದನ್ನು ಎಂದಿಗೂ ಹೇಳಲಾರದು.

ಎಲ್ಲರೂ ಬರೆದರೆ ಕಲೆಯ ಮಟ್ಟ ಇಳಿಯುವುದಿಲ್ಲವೇ ಎಂಬುದು ಕಲಿತವರ ಆತಂಕ. ನನಗೆ ಕಾಣುವುದು ಇದಕ್ಕೆ ತಿರುಗಾಮುರುಗಾ. ಮಂಡ್ಯದ ಹಳ್ಳಿಯಲ್ಲಿ ಒಳ್ಳೆಯ ಹಾಡುಗಾರನಿಗೆ ಅಷ್ಟು ಒಳ್ಳೆಯ ಕೇಳುಗರು ಏಕೆ ಸಿಗುತ್ತಾರೆ? ಕೂತವರಲ್ಲಿ ಅರ್ಧ ಜನ ಅದೇ ಪದ್ಯವನ್ನು ತಾವೂ ಹಾಡಿ, ಎಡವಿ, ಅದರ ಕಷ್ಟ ಬಲ್ಲವರು. ಸೋಮನಾಥಪುರದಲ್ಲಿ, ನುಗ್ಗೇಹಳ್ಳಿಯಲ್ಲಿ ತನ್ನ ಹೆಸರು ಕೊರೆದುಹೋದ ಹೊಯ್ಸಳ ಶಿಲ್ಪಿ ಮಲ್ಲಿತಮ್ಮನ ಕೈ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನನ್ನ ಸೋತ ಆನೆಯಿಂದ. ಹವ್ಯಾಸಿ ಹೆಚ್ಚಿದಷ್ಟೂ ದೊಡ್ಡ ಕಲಾವಿದನಿಗೆ ಸಹೃದಯರು ಹೆಚ್ಚುತ್ತಾರೆ. ಹವ್ಯಾಸಿ ಎಲ್ಲಿಗೆ ಮುಟ್ಟುತ್ತಾನೆಂದು ಮೊದಲೇ ಹೇಳುವುದೂ ಆಗದು. ರವೀಂದ್ರನಾಥ ಟಾಗೋರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಗೀಚುತ್ತ ಗೀಚುತ್ತ, ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಯಿತು. ಶಾಲೆಯ ಕಲಿಕೆ ಇರಲಿಲ್ಲ, ನಾಚಿಕೆಯನ್ನು ಮೀರಿದ ಆಸೆ ಇತ್ತು.

ಒಂದು ಎಚ್ಚರ ಮಾತ್ರ ಬೇಕು. ಮುಯ್ಯಿ ಎಂದರೆ ಹೊಗಳಿಕೆಗೆ ಹೊಗಳಿಕೆ ತೀರಿಸುವುದಲ್ಲ. ನೋಡದೆಯೇ "ಸೂಪರ್" ಎಂದುಬಿಡುವುದು ಮುಯ್ಯಾಳು ಗದ್ದೆಯ ಬದುವಿನಲ್ಲಿ ಕೂತು ಎದ್ದುಹೋದ ಹಾಗೆ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದರೆ ಸುಳ್ಳಾಡು ಎಂದಲ್ಲ. ಎಲ್ಲಿ ಕೂತು ಬರೆದೆ, ಈ ಕೊಂಬೆ ಹೀಗೇ ಬಾಗಿತ್ತೇ, ಈ ನೆರಳು ಏಕೆ ಬಿಟ್ಟೆ ಎಂದು ಕೇಳಿದರೆ ಸಾಕು. ಬರೆದವನಿಗೆ ತನ್ನ ಶ್ರಮ ಮುಟ್ಟಿತೆಂದು ಗೊತ್ತಾಗುತ್ತದೆ, ಮುಂದಿನ ಚಿತ್ರಕ್ಕೆ ದಾರಿಯೂ ಕಾಣುತ್ತದೆ.

ಅಟ್ಟದ ಮೇಲಿನ ಬಣ್ಣದ ಡಬ್ಬಿಯನ್ನು ಇಳಿಸಿ. ಮನೆಯ ಹಸುವನ್ನು, ಕೆರೆ ಏರಿಯನ್ನು, ಒಲೆಯ ಮುಂದೆ ಕೂತ ತಾಯಿಯನ್ನು ಬರೆಯಿರಿ. ಬರೆದದ್ದನ್ನು ಪಕ್ಕದ ಮನೆಯವರಿಗೆ ತೋರಿಸಿ, ಅವರದನ್ನು ಕೇಳಿ ನೋಡಿ. ನನಗೆ ಬರುವುದಿಲ್ಲ ಎಂಬ ಮಾತು ಬಾಯಿಗೆ ಬಂದರೆ ಹೊಸಹೊಳಲನ್ನು ನೆನೆಯಿರಿ. ಆ ಆನೆಗಳನ್ನು ಕಡೆದ ಕಲ್ಲಿಗೆ ನಮ್ಮವರು ಕರೆಯುವುದು ಬಳಪದ ಕಲ್ಲು ಎಂದು. ನಾವೆಲ್ಲ ಸ್ಲೇಟಿನ ಮೇಲೆ ಮೊದಲ ಗೆರೆ ಎಳೆದದ್ದೂ ಬಳಪದಿಂದಲೇ.