ಮೂಗರ್ಜಿಯೂ ಮುಸುಕಿನ ಬೈಗುಳವೂ

ಹೆಸರಿಲ್ಲದ ಕಾಗದ ಬರೆಯುವವನು ಹೇಡಿ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈ ಮಾತನ್ನು ಸ್ವಲ್ಪ ತಡೆದು ನೋಡಬೇಕಾಗಿದೆ. ನಮ್ಮ ಕೇರಿಗಳಿಂದ ತಹಶೀಲ್ದಾರರ ಕಚೇರಿಗೆ ಎಷ್ಟೋ ಮೂಗರ್ಜಿಗಳು ಹೋಗಿವೆ. ಸಹಿ ಹಾಕಿದರೆ ನಾಳೆ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಬಾವಿಯಲ್ಲಿ ನೀರಿಲ್ಲ. ಅದನ್ನು ಬರೆದವನನ್ನು ಹೇಡಿ ಅನ್ನಲು ನಮಗೆ ಬಾಯಿ ಬಾರದು.

ಈಗ ಇನ್ನೊಂದು ಬಗೆಯ ಹೆಸರಿಲ್ಲದ ಕಾಗದ ಇಮೇಲಿನಲ್ಲಿ ಬರುತ್ತಿದೆ. ಕೇರಿಯಿಂದ ಓದಿ ಬಂದ ಹುಡುಗಿ ಕಾಲೇಜಿನಲ್ಲಿ ಪಾಠಕ್ಕೆ ನಿಂತರೆ, ಮೇಷ್ಟ್ರು ಬಿಸಿಯೂಟದ ಪಂಕ್ತಿಭೇದವನ್ನು ಪ್ರಶ್ನಿಸಿದರೆ, ರಾತ್ರಿ ಒಂದು ಇಮೇಲು. ಜಾತಿ ಹಿಡಿದು ಬೈಗುಳ, ಹೆಂಗಸಾದರೆ ಮೈ ಹಿಡಿದೂ ಬೈಗುಳ, ಕೊನೆಗೆ ಬೆದರಿಕೆ. ಮಾರನೆ ದಿನ ಸ್ಟಾಫ್ ರೂಮಿನಲ್ಲಿ ಯಾರ ಮುಖ ನೋಡಿದರೂ ಇವನೇ ಇರಬಹುದೇ ಅನ್ನಿಸುತ್ತದೆ. ಬೈಗುಳಕ್ಕಿಂತ ದೊಡ್ಡ ಹಿಂಸೆ ಇದು.

ಎರಡರಲ್ಲೂ ಹೆಸರಿಲ್ಲ. ವ್ಯತ್ಯಾಸ ಎಲ್ಲಿದೆ? ಮೂಗರ್ಜಿ ವಿಚಾರಣೆ ಕೇಳುತ್ತದೆ. ಅದರಲ್ಲೂ ಸುಳ್ಳಿರುತ್ತದೆ, ನಮ್ಮ ನೌಕರರ ಮೇಲೇ ಬರೆದವೂ ಉಂಟು. ಆದರೆ ತನಿಖೆ ಮಾಡಿ ಸುಳ್ಳು ಅನ್ನಬಹುದು. ಬೈಗುಳದ ಇಮೇಲು ಯಾವ ವಿಚಾರಣೆಯನ್ನೂ ಕೇಳುವುದಿಲ್ಲ, ಓದಿದವರು ಬಾಯಿ ಮುಚ್ಚಬೇಕು, ಅಷ್ಟೇ. ವ್ಯವಸ್ಥೆಯ ತಮಾಷೆ ನೋಡಿ: ಹೆಸರಿಲ್ಲದ ದೂರುಗಳ ಮೇಲೆ ಕ್ರಮ ಬೇಡ ಅಂತ ಕೇಂದ್ರ ಜಾಗೃತ ಆಯೋಗ 1999ರಲ್ಲೇ ಹೇಳಿತು. ಹೆಸರಿಲ್ಲದ ಬೈಗುಳಕ್ಕೆ ಮಾತ್ರ ಮನೆಯೊಳಗಿನ ತನಕ ದಾರಿ ತೆರೆದಿದೆ.

ಒಂದು ಕಾಲಕ್ಕೆ ಈ ಬೈಗುಳಕ್ಕೆ ಮುಸುಕೇ ಬೇಕಿರಲಿಲ್ಲ. ಹಟ್ಟಿಯ ಮುಂದೆ ಹಾಡುಹಗಲಲ್ಲೇ ನಿಂತು ಬೈಯುತ್ತಿದ್ದರು. ಈಗಲೂ ಬೈಯುವವರಿದ್ದಾರೆ. ಆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬಂದು, ನಮ್ಮವರು ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಕೆಲವರಿಗಾದರೂ ಮುಸುಕು ಬೇಕಾಗಿದೆ. ಅಷ್ಟು ಭಯ ಆಚೆ ಕಡೆಗೂ ಹೋಗಿದೆ. ಅದೇ ಕಾಯ್ದೆಯಲ್ಲಿ ಒಂದು ಸಂದೂ ಇದೆ. ಅವಮಾನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು ಅನ್ನುತ್ತದೆ ಅದರ ಕಲಮು. ನಾಲ್ಕು ಗೋಡೆಯೊಳಗೆ, ಹೊರಗಿನವರಿಲ್ಲದ ಕಡೆ ಆಡಿದ ಮಾತು ಇದಕ್ಕೆ ಸೇರದು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಹಾಗಾದರೆ ಒಬ್ಬಳ ಇಮೇಲಿಗೆ ಬಿದ್ದ ಜಾತಿನಿಂದನೆಯನ್ನು ಕಂಡ ಸಾರ್ವಜನಿಕರು ಯಾರು ಅಂತ ಎದುರು ವಕೀಲ ಕೇಳದೇ ಬಿಡುತ್ತಾನೆಯೇ? ಬೆದರಿಕೆಗೆ ಮಾತ್ರ ಕಾಯ್ದೆ ಗಟ್ಟಿಯಿದೆ. ಹೆಸರು ಮರೆಸಿ ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಪ್ರಕಾರ 2 ವರ್ಷದ ತನಕ ಹೆಚ್ಚುವರಿ ಸಜೆ.

ಇನ್ನು ಪತ್ತೆಯ ಮಾತು. ಪ್ರತಿ ಇಮೇಲಿಗೂ ಹೆಡರ್ ಅಂತ ಇರುತ್ತದೆ, ಅಂಚೆ ಲಕೋಟೆಯ ಮೇಲಿನ ಠಸ್ಸೆಗಳ ಹಾಗೆ. ಯಾವ ಸರ್ವರಿನಿಂದ ಯಾವ ಸರ್ವರಿಗೆ, ಎಷ್ಟು ಹೊತ್ತಿಗೆ ಬಂತು ಅಂತ ಕೆಳಗಿನಿಂದ ಮೇಲಕ್ಕೆ ಓದಬೇಕು. ಆದರೆ ಕೆಳಗಿನ ಠಸ್ಸೆಗಳನ್ನು ಕಳಿಸಿದವನೇ ಸುಳ್ಳಾಗಿ ಒತ್ತಿರಬಹುದು. ಜಿಮೇಲಿನ ಪುಟದಿಂದ ಕಳಿಸಿದರೆ ಕಳಿಸಿದವನ ಐಪಿ ವಿಳಾಸ ಹೆಡರಿನಲ್ಲಿ ಕಾಣುವುದೇ ಇಲ್ಲ. ಅದನ್ನು ಪೊಲೀಸರು ಕಾನೂನಿನ ಪ್ರಕಾರ ಕಂಪನಿಯಿಂದ ತರಿಸಬೇಕು. ತರಿಸಿದರೂ ಅದು ಒಂದು ಸಂಪರ್ಕದ ಗುರುತು. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿಗೆ ಬಹಳ ಜನಕ್ಕೆ ಹಂಚುತ್ತವೆ. ಕಂಪ್ಯೂಟರಿನ ಮುಂದೆ ಕೂತಿದ್ದ ಕೈ ಯಾರದೆಂದು ಅದು ಹೇಳದು.

ಹೆಸರು ಇದ್ದರೂ ನಂಬುವಂತಿಲ್ಲ. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ ರೋನಾ ವಿಲ್ಸನ್ ಅವರ ಕಂಪ್ಯೂಟರಿನ ಬಗ್ಗೆ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯ ವರದಿ 2021ರಲ್ಲಿ ಹೊರಬಂತು. ಕವಿ ವರವರ ರಾವ್ ಅವರ ಖಾತೆಯನ್ನು ಯಾರೋ ಬಳಸಿ 2016ರಲ್ಲಿ ಕಳಿಸಿದ ಇಮೇಲಿನಿಂದ ಕಳ್ಳ ತಂತ್ರಾಂಶ ಒಳಹೊಕ್ಕಿತು ಅಂತ ಅದು ಹೇಳಿತು. ಖಾತೆ ಗೆಳೆಯನದು, ಕೈ ಇನ್ಯಾರದೋ.

ಆದ್ದರಿಂದ ಅನುಮಾನದ ಮೇಲೆ ಹೆಸರು ಕೂಗಬಾರದು. ಊರಲ್ಲಿ ಕಳ್ಳತನವಾದರೆ ಮೊದಲು ನಮ್ಮ ಕೇರಿಗೇ ನುಗ್ಗುತ್ತಿದ್ದರು. ಸಾಕ್ಷಿಯಿಲ್ಲದೆ ಬೆರಳು ತೋರಿಸುವುದು ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಗೆಯೇ, ಯಾರಿಗೂ ಮುಸುಕೇ ಇರಬಾರದು ಅಂತ ಸಿಟ್ಟಿನಲ್ಲಿ ಕೇಳುವುದೂ ಬೇಡ. ಅಂಥ ಕಾಯ್ದೆ ಬಂದರೆ ಮೊದಲು ಬಯಲಾಗುವುದು ಮೂಗರ್ಜಿ ಬರೆದವನ ಮುಖ.

ಇಮೇಲಿಗೆ ಉತ್ತರ ಬರೆಯಬೇಡಿ, ಅಳಿಸಲೂ ಬೇಡಿ. ಮೂಲ ಇಮೇಲನ್ನೇ ಹೆಡರಿನ ಸಮೇತ ಉಳಿಸಿ. ಅದರ ಫೋಟೋ ಒಂದೇ ಸಾಲದು. ಜಿಲ್ಲೆಯ ಸೈಬರ್ ಠಾಣೆಗೆ ಆ ಹುಡುಗಿಯನ್ನು ಒಬ್ಬಳನ್ನೇ ಕಳಿಸಬೇಡಿ. ಬರೆದವನ ಲೆಕ್ಕ ನಿಂತಿರುವುದು ಅವಳು ನಾಚಿಕೆಯಿಂದ ಯಾರಿಗೂ ತೋರಿಸುವುದಿಲ್ಲ ಅನ್ನುವುದರ ಮೇಲೆ. ಅವಳು ಒಪ್ಪಿದರೆ ನಾಲ್ಕು ಜನ ಜತೆಗೆ ಕೂತು ಓದೋಣ. ದೂರಿನ ಜತೆಗೆ ಒಂದು ಮನವಿ ಬರೆದು, ಕೆಳಗೆ ನಮ್ಮ ಹೆಸರು, ಊರು, ಸಹಿ ಹಾಕೋಣ. ಅವನ ಹೆಸರು ಸಿಗಲು ವರ್ಷ ಹಿಡಿಯಬಹುದು, ಸಿಗದೆಯೂ ಹೋಗಬಹುದು. ನಮ್ಮ ಹೆಸರುಗಳು ಇವತ್ತೇ ಅಲ್ಲಿರಲಿ.